ಬಿಳಿ ಪಂಚೆಯ ಮೇಲಿನ ಎಣ್ಣೆ ಚುಕ್ಕೆ

ನವೆಂಬರ್ 6, 2021, ಶನಿವಾರ
ಫಹಾಹೀಲ್, ಕುವೈತ್

ಇಲ್ಲಿನ ಬುರ್ಗಾನ್ ತೈಲಕ್ಷೇತ್ರದ ಕೊನೆಯ ಎಣ್ಣೆಬಾವಿಯ ಬೆಂಕಿ ಆರಿ ಇಂದಿಗೆ 30 ವರ್ಷಗಳಾದವು. ಉಡುಪಿಯಲ್ಲಿರುವ ಚಿಕ್ಕಪ್ಪನವರಿಗೆ ಫೋನ್ ಮಾಡಿ ಇದನ್ನು ನೆನಪಿಸಿದರೆ, ಅವರು ಮಾಳಿಗೆಯಲ್ಲಿ ಒಣಹಾಕಿದ್ದ ಬಿಳಿ ಪಂಚೆಯ ಮಾತು ತೆಗೆದರು. 1991ರ ಜೂನ್‌ನಲ್ಲಿ ಇಲ್ಲಿಗೆ ಕೆಲಸಕ್ಕೆ ಮರಳಿದ ವಾರವೇ ಅದರ ತುಂಬ ಸಾಸಿವೆ ಗಾತ್ರದ ಎಣ್ಣೆ ಚುಕ್ಕೆಗಳು ಬಿದ್ದಿದ್ದವಂತೆ; ಎಷ್ಟು ಒಗೆದರೂ ಹೋಗಲಿಲ್ಲವಂತೆ.

ಪಂಚೆಗೆ ಬಿದ್ದದ್ದೇ ಕಡಲಿಗೂ ಬಿದ್ದಿತ್ತು. 1991ರ ಕೊಲ್ಲಿ ಯುದ್ಧದಲ್ಲಿ ಸೋತು ಕುವೈತ್‌ನಿಂದ ಹಿಮ್ಮೆಟ್ಟುತ್ತಿದ್ದ ಇರಾಕಿ ಸೇನೆ 600ಕ್ಕೂ ಹೆಚ್ಚು ಬಾವಿಗಳಿಗೆ ಬೆಂಕಿಯಿಟ್ಟಾಗ, ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದ ಕಚ್ಚಾತೈಲವು ಮಸಿಯಾಗಿ, ತೈಲದ ಹನಿಗಳಾಗಿ, ಮಸಿಗೆ ಅಂಟಿಕೊಂಡ, ಅರೆಬರೆ ಉರಿತದಲ್ಲಿ ಹುಟ್ಟುವ ವಿಷವಸ್ತುಗಳಾದ ಬಹುವಲಯ ಹೈಡ್ರೋಕಾರ್ಬನ್‌ಗಳಾಗಿ ಮೇಲೇರಿತು. ಆದರೆ ಹೊಗೆ ವಾಯುಮಂಡಲದ ಮೇಲ್ಪದರವನ್ನು ಮುಟ್ಟಲಿಲ್ಲ. ವಾಯವ್ಯದಿಂದ ಬೀಸುವ ಶಮಾಲ್ ಗಾಳಿಯು ಅದನ್ನು ಸೌದಿ ಕರಾವಳಿ, ಬಹ್ರೇನ್ ಮತ್ತು ಕತಾರ್‌ಗಳ ಗುಂಟ, ಎಂದರೆ ಕೊಲ್ಲಿಯ ಉದ್ದಕ್ಕೇ ತಳ್ಳಿತು. ಸರಾಸರಿ 35 ಮೀಟರ್ ಆಳದ ಈ ನೀರಿಗೆ ಹೊರಗಿನ ಸಾಗರದೊಂದಿಗೆ ಇರುವ ದಾರಿ ಹೋರ್ಮುಜ್ ಜಲಸಂಧಿಯೊಂದೇ.

ಹಾಗಾಗಿ ಕಡಲು ಪೂರ್ತಿ ಹಾಳಾಗಿರಬೇಕೆಂದೇ ನಾನು ಬಹುಕಾಲ ನಂಬಿದ್ದೆ. ಮೊನಾಕೋದಲ್ಲಿರುವ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಮುದ್ರ ಪ್ರಯೋಗಾಲಯದವರು ಅದೇ ವರ್ಷ ತಳದ ಕೆಸರನ್ನೂ ಚಿಪ್ಪುಜೀವಿಗಳನ್ನೂ ಪರೀಕ್ಷಿಸಿದ್ದರು. (ನಮ್ಮೂರ ಮರುವಾಯಿಯಂಥ ಈ ಜೀವಿಗಳು ನೀರನ್ನು ಸೋಸಿ ತಿನ್ನುತ್ತವೆ, ಮೀನುಗಳಂತೆ ಈ ವಿಷವನ್ನು ಬೇಗ ಕರಗಿಸಿಕೊಳ್ಳಲಾರವು, ಆದ್ದರಿಂದ ಸಾಕ್ಷಿಗೆ ಅವೇ ಲೇಸು.) 1992ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ತೀವ್ರ ತೈಲ ಮಾಲಿನ್ಯವು, ಬೆಂಕಿಯಲ್ಲದೆ ಯುದ್ಧದಲ್ಲಿ ನೇರವಾಗಿ ಕಡಲಿಗೇ ತೈಲ ಸೋರಿದ ಸ್ಥಳದಿಂದ ಸುಮಾರು 400 ಕಿಲೋಮೀಟರ್‌ನೊಳಗಿನ ಸೌದಿ ತೀರಕ್ಕೆ ಸೀಮಿತವಾಗಿತ್ತು, ಬಹ್ರೇನ್‌ನಲ್ಲಂತೂ ಮಾಲಿನ್ಯ ಯುದ್ಧಕ್ಕೆ ಮೊದಲಿಗಿಂತ ಕಡಿಮೆಯೇ ಇತ್ತು. ಯುದ್ಧದಿಂದಾಗಿ ಟ್ಯಾಂಕರ್‌ಗಳ ಓಡಾಟ ತಗ್ಗಿ, ಅವು ನಿತ್ಯ ಕಡಲಿಗೆ ಬಿಡುತ್ತಿದ್ದ ಎಣ್ಣೆಯೂ ತಗ್ಗಿದ್ದು ಅದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದ್ದರು.

ಈ ವಾಕ್ಯವನ್ನು ನಾನು ಎರಡು ಸಲ ಓದಿದೆ. ಇದರಿಂದ ಹೊಗೆ ನಿರಪರಾಧಿಯಾಗುವುದಿಲ್ಲ, ಚಿಕ್ಕಪ್ಪನವರ ಪಂಚೆ ಸುಳ್ಳಾಗುವುದೂ ಇಲ್ಲ. ಆದರೆ ಹಗಲನ್ನೇ ಕತ್ತಲೆ ಮಾಡಿದ ಆ ಬೆಂಕಿಗಿಂತ, ಯಾರ ಕಣ್ಣಿಗೂ ಬೀಳದ ದಿನನಿತ್ಯದ ಸೋರಿಕೆಯೇ ಬಹ್ರೇನ್‌ನ ಕೆಸರಿನಲ್ಲಿ ಹೆಚ್ಚಾಗಿ ಉಳಿದಿದ್ದಿರಬೇಕೆಂಬುದು ನನ್ನ ಲೆಕ್ಕವನ್ನು ತಲೆಕೆಳಗು ಮಾಡಿತು.

ಇಂದು ಸಂಜೆ ತೀರದಲ್ಲಿ ನಿಂತು ಎಣಿಸಿದೆ: ಲಂಗರು ಹಾಕಿದ್ದ ಟ್ಯಾಂಕರ್‌ಗಳು ಏಳು.