ಪಾಚಿಯ ಚಿಪ್ಪು ನೋಡಿ ಹಳೆಯ ಕಡಲಿನ ಗೊಬ್ಬರ ಹೇಳುವುದು ಹೇಗೆ?

ಕುಂಬಳೆಗೆ ಹೋದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಕಳೆದ ಸಲ ಸೋದರಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೇಳಿದರು: "ಅಲ್ಲ ಮಾರಾಯ್ತಿ, ಕಣ್ಣಿಗೇ ಕಾಣದ ಪಾಚಿ. ಅದರ ಚಿಪ್ಪು ನೋಡಿ 20,000 ವರ್ಷದ ಹಿಂದೆ ಸಮುದ್ರದಲ್ಲಿ ಎಷ್ಟು ಗೊಬ್ಬರ ಇತ್ತು ಅಂತ ಹೇಗೆ ಹೇಳ್ತೀ?"

ಆ ಪಾಚಿ ಡಯಾಟಮ್. ಒಂದೇ ಕೋಶ, ಸುತ್ತ ಡಬ್ಬಿ ಮುಚ್ಚಳದ ಹಾಗೆ ಎರಡು ತುಂಡಿನ ಸಿಲಿಕಾ (ಮರಳಿನಲ್ಲಿರುವ ವಸ್ತು) ಚಿಪ್ಪು. ಕಡಲ ತಳದ ಕೆಸರನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೆಲವು ದುಂಡಗೆ, ಮೈತುಂಬ ಜೇನೆರಿಯಂಥ ತೂತು. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಸಿಲಿಕಾ ಎಲ್ಲಿಂದ? ನಮ್ಮ ಮನೆ ಗೋಡೆಯ ಮುರಕಲ್ಲನ್ನೇ ನೋಡಿ. ಲೆಕ್ಕವಿಲ್ಲದಷ್ಟು ಮಳೆಗಾಲಗಳು ಬಂಡೆಯ ಸಿಲಿಕಾ ಕರಗಿಸಿ ಒಯ್ದು, ಕಬ್ಬಿಣ, ಅಲ್ಯೂಮಿನಿಯಂ ಉಳಿಸಿ ಹೋದದ್ದರಿಂದ ಆದ ಕಲ್ಲು ಅದು. ಕರಗಿದ್ದು ಚಂದ್ರಗಿರಿ ಹೊಳೆ ಹಿಡಿದು ಕಡಲಿಗೆ. ದಾರಿಯಲ್ಲಿ ಗದ್ದೆಯ ಭತ್ತವೂ ಪಾಲು ತೆಗೆದುಕೊಳ್ಳುತ್ತದೆ. ಉಮಿ ಸುಟ್ಟ ಬೂದಿಯಲ್ಲಿ ಮುಕ್ಕಾಲಿಗೂ ಹೆಚ್ಚು ಸಿಲಿಕಾವೇ. ಮಳೆಗಾಲದಲ್ಲಿ ಕರಾವಳಿಯುದ್ದ ಆಳದ ತಣ್ಣೀರು ಮೇಲೆದ್ದು ನೈಟ್ರೇಟ್, ಫಾಸ್ಫೇಟ್, ಸಿಲಿಕಾ ಎಂಬ ಗೊಬ್ಬರ ತಂದಾಗ ಡಯಾಟಮ್ ಉಕ್ಕುತ್ತದೆ, ಅದನ್ನು ತಿಂದು ಬೂತಾಯಿ ಕೊಬ್ಬುತ್ತದೆ. ಸತ್ತ ಚಿಪ್ಪುಗಳಲ್ಲಿ ಬಹುಪಾಲು ಕರಗಿಹೋಗುತ್ತವೆ. ಗಟ್ಟಿಯಾದವಷ್ಟೇ ತಳದ ಕೆಸರಿನಲ್ಲಿ ಪದರಪದರವಾಗಿ ಉಳಿಯುತ್ತವೆ.

ಈಗ ಮಾವನ ಪ್ರಶ್ನೆ. ನೈಟ್ರೇಟ್‌ನಲ್ಲಿರುವ ಸಾರಜನಕದ ಪರಮಾಣುಗಳಲ್ಲಿ ಎರಡು ಬಗೆ: ಹಗುರದ್ದರ ತೂಕ 14, ಭಾರದ್ದರದು 15. ಡಯಾಟಮ್ ಹಗುರದ್ದನ್ನೇ ತುಸು ಹೆಚ್ಚು ಆರಿಸುತ್ತದೆ. ಮಕ್ಕಳು ಮಿಕ್ಸ್ಚರ್ ಡಬ್ಬಿಯಿಂದ ಮೊದಲು ನೆಲಗಡಲೆ ಹೆಕ್ಕುವ ಹಾಗೆ. ಕೈಗೆ ಬರುವ ಹಿಡಿಯಲ್ಲಿ ಕಡಲೆ ಕಡಿಮೆಯಾದರೆ ಡಬ್ಬಿ ಬರಿದಾಗುತ್ತಿದೆ ಎಂದರ್ಥ. ಹಾಗೆಯೇ ನೈಟ್ರೇಟ್ ಮುಗಿಯುತ್ತ ಬಂದಂತೆ ಚಿಪ್ಪಿನೊಳಗಿನ ಸಾರಜನಕ ಭಾರವಾಗುತ್ತದೆ. ಸಿಲಿಕಾದೊಳಗಿನ ಸಿಲಿಕಾನ್‌ದೂ ಇದೇ ಕಥೆ, 28 ಮತ್ತು 30ರ ನಡುವೆ.

ಆದರೆ ಡಬ್ಬಿ ದೊಡ್ಡದಿತ್ತೋ ಸಣ್ಣದಿತ್ತೋ ಇದರಿಂದ ತಿಳಿಯುವುದಿಲ್ಲ. "ಎಷ್ಟಿತ್ತು" ಎಂದಲ್ಲ ಮಾವ, "ಇದ್ದುದರಲ್ಲಿ ಎಷ್ಟು ಪಾಲು ಮುಗಿಯಿತು" ಎಂದಷ್ಟೇ ಅದು ಹೇಳುವುದು. ಹಾಗಾಗಿ ಚಿಪ್ಪು ಎಷ್ಟು ಬಿದ್ದಿದೆ ಎಂಬುದನ್ನೂ ಜೊತೆಗಿಟ್ಟು ನೋಡಬೇಕು.

ಅಂಟಾರ್ಕ್ಟಿಕಾಕ್ಕೆ ಹತ್ತಿರದ ಕಡಲಿನಲ್ಲಿ ಕಳೆದ ಹಿಮಯುಗದ, ಅಂದರೆ ಮಾವ ಕೇಳಿದ ಕಾಲದ, ಪದರಗಳಲ್ಲಿ ಚಿಪ್ಪು ಕಡಿಮೆ, ಸಾರಜನಕ ಮಾತ್ರ ಭಾರ. ಕಡಿಮೆ ಬೆಳೆದೂ ಇದ್ದುದನ್ನು ಹೆಚ್ಚು ಮುಗಿಸಿದ್ದವು ಎಂದರೆ ಆಳದಿಂದ ಬರುವ ನೀರೇ ತಗ್ಗಿತ್ತು. ಆ ನೀರಿನೊಂದಿಗೆ ಮೇಲೆ ಬರಬೇಕಿದ್ದ ಇಂಗಾಲದ ಡೈಆಕ್ಸೈಡ್‌ ಕೂಡ ಕೆಳಗೇ ಉಳಿಯಿತು. ಆಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 190 ಪಾಲು. ಹಿಮ ಕರಗಿದ ಮೇಲೆ ಸುಮಾರು 280.