ಸವೆದ ನಾಣ್ಯ ಕೊಳ್ಳುವ ಮೊದಲು: ಕಾರವಾರದ ಹಳೇ ಬೆಳ್ಳಿ ಕೌಂಟರಿನಿಂದ

ಹಳೇ ಬೆಳ್ಳಿ ಕೊಳ್ಳುವ ಕೌಂಟರಿಗೆ ಬರುವ ನಾಣ್ಯಗಳಲ್ಲಿ ಹೊಳಪಿರುವುದು ಅಪರೂಪ. ಕೈಯಿಂದ ಕೈಗೆ ಓಡಾಡಿ ಮುಖ ಸವೆದವೇ ಹೆಚ್ಚು. ಕಡಿಮೆ ದುಡ್ಡಿನಲ್ಲಿ ಸಂಗ್ರಹ ಮಾಡುವವರಿಗೆ ಇವೇ ಸರಿ. ಆದರೆ ಸವೆದದ್ದನ್ನು ಕೊಳ್ಳಿ, ಕೆಡಿಸಿದ್ದನ್ನು ಬೇಡ. ಇಸವಿ ಪೂರ್ತಿ ಓದಲು ಬರಬೇಕು, ಟಂಕಸಾಲೆಯ ಗುರುತು ತಿಳಿಯಬೇಕು, ಅಂಚು ಸುತ್ತಲೂ ಒಂದೇ ಥರ ಇರಬೇಕು. ಇಷ್ಟಿದ್ದರೆ ವಿಕ್ಟೋರಿಯಾ ರಾಣಿಯ ಕೂದಲು, ಕಿರೀಟದ ಗೆರೆ ಅಳಿಸಿದ್ದರೂ ನಷ್ಟವಿಲ್ಲ.

ಐದನೇ ಜಾರ್ಜ್ ಛಾಪಿನ ರೂಪಾಯಿಗಳಲ್ಲಿ 1917ರಿಂದ 1920ರವರೆಗಿನವು ಬೇಕಾದಷ್ಟು ಸಿಗುತ್ತವೆ. 1921, 1922ರವು ಕಡಿಮೆ, ಅವನ್ನು ಹುಡುಕಿ. 1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಬಂದು, ಮುಂದಿನ ವರ್ಷದಿಂದ ಸೊಂಡಿಲು ತಿದ್ದಿದರು. ಸವೆದ ನಾಣ್ಯದಲ್ಲಿ ಆ ಆನೆ ಕಾಣುವುದೇ ಇಲ್ಲ. ಕಾಣಬೇಕಾಗಿಯೂ ಇಲ್ಲ, 1911 ಎಂಬ ಇಸವಿಯೇ ಸಾಕು. ಮುಂಬಯಿ ಟಂಕಸಾಲೆಯದೋ ಕಲ್ಕತ್ತೆಯದೋ ಎಂದು ತಿಳಿಯಲು ಹಿಂಬದಿಯಲ್ಲಿ ಕೆಳಗಿರುವ ತಾವರೆಯ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ: ಸಣ್ಣ ಚುಕ್ಕೆ ಇದ್ದರೆ ಮುಂಬಯಿ, ಇಲ್ಲದಿದ್ದರೆ ಕಲ್ಕತ್ತೆ. ನಾಣ್ಯವನ್ನು ಓರೆಯಾಗಿ ಹಿಡಿದು ಪಕ್ಕದಿಂದ ಬೆಳಕು ಬಿಡಬೇಕು. ನೇರ ಬೆಳಕಿನಲ್ಲಿ ಸವೆದ ಚುಕ್ಕೆ ಮರೆಯಾಗುತ್ತದೆ.

ಗಡಿಯ ಊರು ಮಾಜಾಳಿಯ ಆಚೆ ಗೋವೆ ಇರುವುದರಿಂದ ಪೋರ್ಚುಗೀಸರ ನಾಣ್ಯಗಳನ್ನೂ ಗುರುತಿಸಲು ಕಲಿತಿರಬೇಕು. 1881, 1882ರ ಬೆಳ್ಳಿಯ ರುಪಿಯಾ ತೂಕದಲ್ಲೂ ಬೆಳ್ಳಿಯ ಶುದ್ಧತೆಯಲ್ಲೂ ಬ್ರಿಟಿಷ್ ರೂಪಾಯಿಯ ಸಮ. ಗೊತ್ತಿಲ್ಲದವರು ಬರೀ ಬೆಳ್ಳಿಯ ಲೆಕ್ಕಕ್ಕೆ ಬಿಟ್ಟುಕೊಡುವುದುಂಟು.

ತೂಕದಲ್ಲಿ ಅವಸರ ಮಾಡಬೇಡಿ. ಟಂಕಸಾಲೆಯಿಂದ ಹೊರಟಾಗ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಸವೆದದ್ದು ಸಾಮಾನ್ಯವಾಗಿ 11.2ರಿಂದ 11.5 ತೂಗುತ್ತದೆ. 11ಕ್ಕಿಂತ ಕೆಳಗಿಳಿದರೆ ಅರ ಹಾಕಿದ್ದಾರೆಯೇ ಎಂದು ಅಂಚು ನೋಡಿ. ತೂಕ ಸರಿಯಿದ್ದರೂ ಲೋಹ ಬೇರೆಯಿರಬಹುದು, ಅದಕ್ಕೆ ನೀರಿನ ಪರೀಕ್ಷೆ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳ ಬದಿ ಮುಟ್ಟದಂತೆ ಪೂರ್ತಿ ಮುಳುಗಿಸಿ. ನಾಣ್ಯದ ತೂಕವನ್ನು ಆಗ ಬರುವ ಅಂಕಿಯಿಂದ ಭಾಗಿಸಿ. 11.40 ಗ್ರಾಮಿನ ನಾಣ್ಯಕ್ಕೆ 1.10 ಬಂದರೆ 10.36, ಅಂದರೆ 91.7 ಪ್ರತಿಶತದ ಒಳ್ಳೇ ಬೆಳ್ಳಿ. 1.28 ಬಂದರೆ ಒಳಗೆ ತಾಮ್ರ. ಗಾಳಿಗುಳ್ಳೆ ಅಂಟಿಕೊಂಡರೆ ಅಂಕಿ ಏರಿ ಒಳ್ಳೆಯದೂ ಖೋಟಾದಂತೆ ಕಾಣುತ್ತದೆ. ನೀರಿಗೆ ಒಂದು ಹನಿ ಸೋಪು ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ.

1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. ನೀರಿನ ಪರೀಕ್ಷೆಯಲ್ಲಿ ಅದಕ್ಕೆ ಉತ್ತರ 9.5ರ ಹತ್ತಿರ ಬರುತ್ತದೆ. ಅಪರೂಪದ 1939 ಎಂದು ಯಾರಾದರೂ ತಂದರೆ ಈ ಲೆಕ್ಕ ಮೊದಲು ಮಾಡಿ. ಆಮೇಲೆ ಕೊನೆಯ 9ನ್ನು ನೋಡಿ. 1938ರ 8ನ್ನು ಕೊರೆದು 9 ಮಾಡಿದ್ದರೆ ಆ ಅಂಕಿಯ ಸುತ್ತ ಮಾತ್ರ ಗೀರು, ತಗ್ಗು ಇರುತ್ತದೆ.

ಸರಕ್ಕೆ ಪೋಣಿಸಿ ತೆಗೆದ ರೂಪಾಯಿಗಳೂ ಬರುತ್ತವೆ. ಅಂಚನ್ನು ತಿರುಗಿಸುತ್ತ ಹೋಗಿ: ಮುಖದ ನೆತ್ತಿಯ ನೇರಕ್ಕೆ ಗೆರೆಗಳು ಅರ್ಧ ಸೆಂಟಿಮೀಟರಿನಷ್ಟು ಕಲಸಿಹೋಗಿದ್ದರೆ ಅಲ್ಲಿ ಕೊಂಡಿ ಬೆಸೆದಿದ್ದರು. ಇಂಥದ್ದಕ್ಕೆ ಬೆಳ್ಳಿಯ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಆ ಬೆಲೆಗೆ ತೂಕವನ್ನು 0.917ರಿಂದ (1940ರಿಂದ ಈಚಿನದಾದರೆ 0.5ರಿಂದ) ಗುಣಿಸಿ, ಅದನ್ನು ಆ ದಿನದ ಗ್ರಾಂ ದರದಿಂದ ಗುಣಿಸಿ.

ನಮ್ಮ ಕಡೆ ಹೆಚ್ಚು ನಾಣ್ಯ ಹಾಳಾಗುವುದು ಸವೆತದಿಂದಲ್ಲ, ತೊಳೆಯುವುದರಿಂದ. ಹುಣಸೆಹಣ್ಣು, ಮುರುಗಲು, ನಿಂಬೆ, ಬೂದಿ ಯಾವುದೂ ಬೇಡ. ಆಮ್ಲ ತಾಮ್ರದ ನಾಣ್ಯದ ಕಂದು ಮೇಲ್ಪದರವನ್ನೇ ತಿಂದು ಗುಲಾಬಿ ಬಣ್ಣ ಬಿಡುತ್ತದೆ; ಆ ಕಂದು ಮತ್ತೆ ಹಾಗೇ ಬರುವುದಿಲ್ಲ. ತಿಳಿ ಹಸಿರು ಪುಡಿ ಒರೆಸಿದರೂ ಮತ್ತೆ ಮತ್ತೆ ಎದ್ದರೆ ಅದು ಉಪ್ಪಿನ ಕೆಲಸ. ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿಟ್ಟು ದಿನಾ ನೀರು ಬದಲಿಸಿ, ವಾರಗಟ್ಟಲೆ ಬೇಕಾಗುತ್ತದೆ. ನಾಣ್ಯ ಇಟ್ಟಿದ್ದ ಪಿವಿಸಿ ಪ್ಲಾಸ್ಟಿಕ್ ಹಾಳೆಯಿಂದ ಹಸಿರು ಅಂಟು ಹತ್ತಿದ್ದರೆ ಗಾಜಿನ ಬಟ್ಟಲಲ್ಲಿ ಅಸಿಟೋನ್ ಹಾಕಿ ನೆನೆಸಿ, ಒಲೆಯಿಂದ ದೂರ, ಕಿಟಕಿ ತೆರೆದಿಟ್ಟು. ಇಡುವುದಕ್ಕೆ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಕವರು, ಮುಚ್ಚಳ ಬಿಗಿಯಾದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್. ಮಳೆಗಾಲದಲ್ಲಿ ಜೆಲ್ಲಿನ ಬಣ್ಣ ತಿರುಗಿದ ಕೂಡಲೇ ಬಿಸಿ ಮಾಡಿ ಒಣಗಿಸಿ. ಬೆಳ್ಳಿಯ ಹತ್ತಿರ ರಬ್ಬರ್ ಬ್ಯಾಂಡ್ ಸುಳಿಯಬಾರದು. ಅದರ ಗಂಧಕ ಕಪ್ಪು ಪಟ್ಟಿ ಬಿಡುತ್ತದೆ.

ರಾಮ, ಹನುಮಂತನ ಚಿತ್ರದ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಎಂಬುದು ಈಚೆಗೆ ಮಾಡಿದ ಬಿಲ್ಲೆ, ಎಷ್ಟೇ ಸವೆದಿರಲಿ. ಮಣ್ಣು ಅಗೆಯುವಾಗ ಸಿಕ್ಕ ನಾಣ್ಯ ಮಾತ್ರ ಬೇರೆ ವಿಷಯ. ಪ್ರಾಚೀನ ಕಾಲದ ಚುಟು ಅರಸರ ಸೀಸದ ನಾಣ್ಯಗಳು ಕಾರವಾರದ ಕಡೆಯೇ ಸಿಕ್ಕಿವೆ. ಅಂಥದ್ದನ್ನು ಕೌಂಟರಿಗೆ ತರಬೇಡಿ, ಕೊಳ್ಳಲೂ ಬೇಡಿ. ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು.