ಎತ್ತು ಹಿಂಗ ನಡಿಯೂದಿಲ್ರಿ, ಅಕ್ಕಾರ

ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಬಾಗಲಕೋಟೆ ನವನಗರದ ನಮ್ಮ ಮನೆ ಪಡಸಾಲೆಯಲ್ಲಿ ಆ ಭಾನುವಾರ ಆರು ಮಕ್ಕಳು ಕೂತಿದ್ದರು. ಪ್ರತಿ ಮಗುವಿನ ಜೊತೆ ಮನೆಯ ಒಬ್ಬರು ದೊಡ್ಡವರು. ನಡುವೆ ಒಂದು ಬುಟ್ಟಿ ಎರೆಮಣ್ಣು. ಮಣ್ಣಿನ ಎತ್ತನ್ನು ಫೋನಿನಲ್ಲಿ ನಡೆಸಬೇಕು, ಅದೇ ಆವತ್ತಿನ ಕೆಲಸ.

ನಾನು ಡ್ರಾಯಿಂಗ್ ಟೀಚರ್. ಮಕ್ಕಳಿಗೆ ಅನಿಮೇಷನ್ ಹೇಳಿಕೊಡಲು ಶುರು ಮಾಡಿ ಮೂರು ವರ್ಷ ಆಯಿತು. ಮೊದಲ ವರ್ಷ ಮಕ್ಕಳನ್ನು ಮಾತ್ರ ಕರೆಯುತ್ತಿದ್ದೆ. ಚೆಂದ ಕಲಿತರು. ಆದರೆ ಮನೆಗೆ ಹೋದ ಕೂಡಲೇ ಅವರ ಕೈಯಿಂದ ಫೋನ್ ಹೋಗುತ್ತಿತ್ತು. 'ಇದರಿಂದ ಮಾರ್ಕ್ಸ್ ಬರ್ತಾವೇನ್ರಿ?' ಅಂತ ಒಬ್ಬ ತಾಯಿ ಕೇಳಿದರು. ಅವರದು ತಪ್ಪು ಅನ್ನಿಸಲಿಲ್ಲ. ಹುಡುಗ ಫೋನ್ ಹಿಡಿದು ಮೂಲೆಯಲ್ಲಿ ಕೂತರೆ ಗೇಮ್ ಆಡ್ತಿದ್ದಾನೋ ಸಿನಿಮಾ ಮಾಡ್ತಿದ್ದಾನೋ, ನೋಡುವವರಿಗೆ ಹೇಗೆ ಗೊತ್ತಾಗಬೇಕು? ಮರುವರ್ಷ ಒಂದೇ ನಿಯಮ ಹಾಕಿದೆ. ದೊಡ್ಡವರೊಬ್ಬರು ಬರಬೇಕು, ಬಂದವರು ಕೆಲಸ ಮಾಡಬೇಕು. ಫೋನ್ ಮಗುವಿನ ಕೈಯಲ್ಲಿ, ಮಣ್ಣು ದೊಡ್ಡವರ ಕೈಯಲ್ಲಿ.

ಸ್ಟಾಪ್ ಮೋಷನ್ ಅಂದರೆ ಗೊಂಬೆಯನ್ನು ಒಂದು ಚೂರು ಸರಿಸುವುದು, ಫೋಟೋ ತೆಗೆಯುವುದು, ಮತ್ತೆ ಒಂದು ಚೂರು ಸರಿಸುವುದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ನಮಗೆ 12 ಸಾಕು. ಫೋನಿಗೆ ಸ್ಟ್ಯಾಂಡ್ ಬೇಡ, ಎರಡು ಸೇರು ಜೋಳ ತುಂಬಿದ ಬಟ್ಟೆ ಚೀಲದ ಮೇಲೆ ಒತ್ತಿಟ್ಟರೆ ಅಲುಗಾಡದೆ ಕೂರುತ್ತದೆ. ಕಿಟಕಿ ಪರದೆ ಎಳೆದು ಒಂದೇ ಬಲ್ಬ್ ಹಾಕಬೇಕು. ಇಲ್ಲದಿದ್ದರೆ ಬಿಸಿಲು ಸರಿದ ಹಾಗೆಲ್ಲ ಚಿತ್ರ ಮಿಣಕ್ ಮಿಣಕ್ ಅನ್ನುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಲೇಬೇಕು. ನಲವತ್ತನೇ ಫೋಟೋಗೆ ಸೋದರಮಾವನ ಕಾಲ್ ಬಂದು, ಫೋನ್ ನಡುಗಿ ಜಾರಿ, ಎಲ್ಲ ಮೊದಲಿಂದ ಮಾಡಿದ್ದು ನಮಗೆ ಇನ್ನೂ ನೆನಪಿದೆ.

ನಾವು ಬಳಸುವ ಆ್ಯಪಿನಲ್ಲಿ ಹಿಂದಿನ ಫೋಟೋ ತೆಳ್ಳಗೆ ನೆರಳಿನ ಹಾಗೆ ಕಾಣುತ್ತದೆ. ಎಷ್ಟು ಸರಿಸಿದೆವು ಅಂತ ಅದರಿಂದ ಗೊತ್ತಾಗುತ್ತದೆ. ಇಂಗ್ಲಿಷಿನವರು ಅದಕ್ಕೆ ಆನಿಯನ್ ಸ್ಕಿನ್ ಅಂತಾರೆ. ನಮ್ಮ ಮಕ್ಕಳ ಬಾಯಲ್ಲಿ ಎರಡೇ ದಿನಕ್ಕೆ ಅದು ಉಳ್ಳಾಗಡ್ಡಿ ಸಿಪ್ಪಿ ಆಯಿತು. ಈಗ ನಾನೂ ಹಾಗೇ ಅನ್ನುತ್ತೇನೆ.

ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಿದ್ದಳು. ಅಪ್ಪ ಟೆಂಪೋ ಓಡಿಸುತ್ತಾರೆ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಸುಮ್ನೆ ಕೂತಿದ್ದರು. ನಿಯಮ ಹೇಳಿದೆ, ನಕ್ಕು ಅಲ್ಲೇ ಕೂತರು. ಮಗಳು ಒಂದು ಗೇಣುದ್ದದ ಎತ್ತು ಮಾಡಿ, ಹನ್ನೆರಡು ಫೋಟೋ ತೆಗೆದು ಓಡಿಸಿ ನೋಡಿದಳು. ಎತ್ತು ಕಾಲು ಎತ್ತದೆ ನೆಲದ ಮೇಲೆ ಜಾರಿಕೊಂಡು ಹೋಯಿತು, ಕಾರು ಹೋದ ಹಾಗೆ. ನಾನು ಕಾಲು ಸರಿಸುವುದನ್ನು ತೋರಿಸಿದೆ. ಎದುರುಬದುರಿನ ಎರಡು ಕಾಲು ಒಟ್ಟಿಗೆ ಎತ್ತಿಸಿದೆ.

'ಎತ್ತು ಹಿಂಗ ನಡಿಯೂದಿಲ್ರಿ, ಅಕ್ಕಾರ' ಅಂದರು ಅಪ್ಪ.

ಎದ್ದು ಬಂದರು. ಪಡಸಾಲೆ ನಡುವೆ ಮೊಣಕಾಲೂರಿ, ಎರಡು ಅಂಗೈ ನೆಲಕ್ಕಿಟ್ಟರು. 'ಮೊದಲ ಹಿಂದಿನ ಎಡಗಾಲು. ಆಮ್ಯಾಲೆ ಮುಂದಿನ ಎಡಗಾಲು. ಆಮ್ಯಾಲೆ ಹಿಂದಿನ ಬಲಗಾಲು, ಮುಂದಿನ ಬಲಗಾಲು.' ಹೇಳುತ್ತಾ ಗೋಡೆಯ ತನಕ ನಡೆದು ತೋರಿಸಿದರು. ಮಕ್ಕಳು ನಗಲಿಲ್ಲ. ಅವರ ಹಿಂದೆಯೇ ಆರೂ ಮಕ್ಕಳು ಅಂಗೈಯೂರಿ ನಡೆದರು. ಇಪ್ಪತ್ತು ವರ್ಷದಿಂದ ಚಿತ್ರ ಬಿಡಿಸುತ್ತಿರುವ ನನಗೂ ಅದು ಅಷ್ಟು ಸ್ಪಷ್ಟ ಇರಲಿಲ್ಲ.

ಆಲಮಟ್ಟಿ ಹಿನ್ನೀರಿಗೆ ಹೊಲ ಹೋದಾಗ ಅವರು ಇನ್ನೂ ಸಾಲೆಗೆ ಹೋಗುವ ಹುಡುಗ. ಎತ್ತು ಮಾರಿ ಎಲ್ಲರೂ ಇಲ್ಲಿಗೆ ಬಂದರು. ಆ ಎತ್ತುಗಳ ಹೆಸರು ಮಗಳಿಗೆ ಗೊತ್ತೇ ಇರಲಿಲ್ಲ. ಮಣ್ಣು ತಿದ್ದುತ್ತಾ ತಿದ್ದುತ್ತಾ ಅವಳು ಕೇಳಿದಳು, ಅವರು ಹೇಳಿದರು: ಕೆಂದ್ಯಾ, ಬಿಳಿಯಾ. ಸಿನಿಮಾಕ್ಕೂ ಅದೇ ಹೆಸರು ಬಿತ್ತು. ಅಪ್ಪ ಮಗಳು ಊಟಕ್ಕೆ ಕೂತಾಗ ಈ ಮಾತು ಬರುವುದಿಲ್ಲ, ಅಲ್ವಾ? ಇಬ್ಬರ ಕೈಗೂ ಒಂದೇ ಕೆಲಸ ಇದ್ದಾಗ ತಾನಾಗಿ ಬರುತ್ತದೆ. ನಾನು ದೊಡ್ಡವರನ್ನು ಕರೆಯುವುದು ಇದಕ್ಕೇ.

ಮನೆಮಂದಿ ಸೇರಿ ಸಿನಿಮಾ ಮಾಡುವುದು ಹೊಸದೇನಲ್ಲ. ದಾದಾಸಾಹೇಬ್ ಫಾಲ್ಕೆ 1912ರಲ್ಲಿ ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಬೆಳೆಯುವುದನ್ನು ದಿನಾ ಸ್ವಲ್ಪ ಸ್ವಲ್ಪವೇ ಚಿತ್ರ ತೆಗೆದು ಒಂದು ಚಿಕ್ಕ ಸಿನಿಮಾ ಮಾಡಿದರು. ಮರುವರ್ಷ 'ರಾಜಾ ಹರಿಶ್ಚಂದ್ರ' ಬಂತು. ಅದಕ್ಕೆ ಹೆಂಡತಿ ಸರಸ್ವತಿಬಾಯಿ ಫಿಲ್ಮ್ ತೊಳೆದರು, ಎಲ್ಲರಿಗೂ ಅಡುಗೆಯನ್ನೂ ಮಾಡಿ ಹಾಕಿದರು. ಹರಿಶ್ಚಂದ್ರನ ಮಗನ ಪಾತ್ರ ಮಾಡಿದ್ದು ಅವರ ಮಗನೇ. ಇದನ್ನು ಹೇಳಿದಾಗ ತಾಯಂದಿರ ಮುಖ ನೋಡಬೇಕು.

ಎತ್ತಿನ ಕಾಲಿನೊಳಗೆ ಗೌಂಡಿಗಳು ಬಳಸುವ ಬೈಂಡಿಂಗ್ ವೈರ್ ಹಾಕಿದೆವು. ಆದರೂ ಬಗ್ಗಿಸಿದ ಕಡೆ ಮಣ್ಣು ಬಿರಿಯುತ್ತಿತ್ತು. ಮೊಮ್ಮಗನ ಜೊತೆ ಬಂದಿದ್ದ ಅಜ್ಜಿಯೊಬ್ಬರು, 'ಒಲಿ ಮಾಡುವಾಗ ಹೊಟ್ಟು ಹಾಕಂಗಿಲ್ಲೇನ? ಇದಕ್ಕ ಹತ್ತಿ ಹಾಕ್ರಿ' ಅಂದರು. ದೀಪದ ಬತ್ತಿಗೆ ಇಟ್ಟಿದ್ದ ಹತ್ತಿ ಬಿಡಿಸಿ ಮಣ್ಣಿಗೆ ಕಲಸಿದರು. ಬಿರುಕು ಪೂರ್ತಿ ನಿಲ್ಲಲಿಲ್ಲ, ಆದರೆ ಪ್ರತಿ ಫೋಟೋಗೆ ಒಮ್ಮೆ ಒದ್ದೆ ಬೆರಳಿನಿಂದ ಒರೆಸಿದರೆ ಸಾಕಾಯಿತು.

ಒಂದು ಕಾಲಿಗೆ ನಾಲ್ಕು ಫೋಟೋ, ಒಂದು ಹೆಜ್ಜೆಗೆ 16. ಆರು ಹೆಜ್ಜೆಗೆ 96. ಎಂಟು ಸೆಕೆಂಡಿನ ಸಿನಿಮಾ. ಬೆಳಿಗ್ಗೆ ಹನ್ನೊಂದಕ್ಕೆ ಕೂತವರು ಎದ್ದಾಗ ಮೂರೂವರೆ. ಸದ್ದನ್ನು ಬೇರೆ ರೆಕಾರ್ಡ್ ಮಾಡಿದೆವು. ಅಪ್ಪ ಮಗಳು ಇಬ್ಬರೂ ಒಂದೇ ಕೌದಿ ಹೊದ್ದುಕೊಂಡು ಅದರೊಳಗೆ ಕೊರಳ ಗಂಟೆ ಅಲ್ಲಾಡಿಸಿದರು. ಕೌದಿ ಹೊದ್ದರೆ ಗೋಡೆಯ ಮಾರ್ದನಿ ಬರುವುದಿಲ್ಲ. ಫ್ಯಾನ್ ಸದ್ದೂ ತಗ್ಗುತ್ತದೆ.

ಸಂಜೆ ಬಿಳಿ ಧೋತರ ಕಟ್ಟಿ, ಪ್ರೊಜೆಕ್ಟರಿನಲ್ಲಿ ಎಲ್ಲರ ಸಿನಿಮಾ ಹಾಕಿದೆ. ಕೆಂದ್ಯಾ ಧೋತರದ ಈ ತುದಿಯಿಂದ ಆ ತುದಿಗೆ ನಡೆದ. ಎಲ್ಲರೂ ಚಪ್ಪಾಳೆ ಹೊಡೆದರು. ಅಪ್ಪ ಹೊಡೆಯಲಿಲ್ಲ. ಇನ್ನೊಮ್ಮೆ ಹಾಕಿ ಅಂದರು. ಹಾಕಿದೆ. ಮತ್ತೊಮ್ಮೆ ಅಂದರು.

'ನಾಕು ಹೆಜ್ಜಿ ಬರೋಬರಿ ಅದಾವ್ರಿ. ಐದನೇದಕ್ಕ ಮುಂದಿನ ಕಾಲು ಮೊದಲ ಎದ್ದೈತಿ. ನಾನs ತಪ್ಪೀನಿ.'

ಮಗಳು ಆಗಲೇ ಫೋನ್ ತೆಗೆದುಕೊಂಡು 65ನೇ ಫೋಟೋ ಹುಡುಕಿದ್ದಳು. ಅಲ್ಲಿಂದ ಮುಂದಿನ 32 ಫೋಟೋ ಅಳಿಸಿದಳು. 'ಅಪ್ಪಾ, ಮಣ್ಣು ಹಸಿ ಮಾಡು' ಅಂದು ಜೋಳದ ಚೀಲದ ಮೇಲೆ ಫೋನ್ ಇಟ್ಟಳು.